ಕದ ತಟ್ಟಿದ ಮೇಲೆ ಪೊಲೀಸರು ಏನು ಕೇಳಬೇಕು?

2025ರ ಜುಲೈಯಲ್ಲಿ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮಕ್ಕೆ ಚಾಲನೆ ಸಿಕ್ಕಿತು. ಅದಕ್ಕೆ ಎಂಟು ವರ್ಷ ಮೊದಲು, 2017ರಲ್ಲಿ, ಪ್ರತಿ ಕಾನ್‌ಸ್ಟೆಬಲ್‌ಗೂ ಒಂದೊಂದು ಪ್ರದೇಶದ ಹೊಣೆ ಕೊಡುವ ಸುಧಾರಿತ ಗಸ್ತು ವ್ಯವಸ್ಥೆ ಬಂದಿತ್ತು. ಪೊಲೀಸರು ಕರೆಯದಿದ್ದರೂ ಜನರ ಬಳಿಗೆ ಬರಬೇಕು, ಜನ ಹೆದರದೆ ಅವರೊಡನೆ ಮಾತಾಡಬೇಕು ಎಂಬ ಆಶಯ ಎರಡರಲ್ಲೂ ಇದೆ. ಆಶಯಕ್ಕೆ ತಕರಾರಿಲ್ಲ, ಪ್ರಶ್ನೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕದ ತಟ್ಟಿ, ಹೆಸರು, ಫೋನ್ ನಂಬರ್ ಬರೆದುಕೊಂಡು, ಹುಷಾರಾಗಿರಿ ಎಂದು ಹೇಳಿ ಹೊರಟರೆ ರಿಜಿಸ್ಟರ್ ತುಂಬುತ್ತದೆ. ಬೀದಿದೀಪ ಕೆಟ್ಟ ಓಣಿ, ಅದೇ ಓಣಿಯಲ್ಲಿ ತಿಂಗಳಿಗೊಮ್ಮೆ ಆಗುವ ಸರಗಳ್ಳತನ ಎರಡೂ ಹಾಗೇ ಉಳಿಯುತ್ತವೆ. ಒಂದೇ ಜಾಗದಿಂದ ಮತ್ತೆ ಮತ್ತೆ ಬರುವ ದೂರುಗಳನ್ನು ಒಂದೇ ಸಮಸ್ಯೆಯೆಂದು ನೋಡಿ, ಅದರ ಬೇರು ಹುಡುಕಿ, ಸರಿಪಡಿಸಬೇಕಾದವರಿಂದ ಸರಿಪಡಿಸಿಕೊಳ್ಳುವುದೂ ಠಾಣೆಯ ಕೆಲಸವೇ. ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯುವವರೆಗೆ ಜನಸ್ನೇಹಿ ಎಂಬ ಮಾತು ಫಲಕದ ಮೇಲಷ್ಟೇ ಇರುತ್ತದೆ.

ಇದು ಆಗುವ ಮಾತೇ ಎಂದು ಕೇಳುವವರು ನಲವತ್ತು ವರ್ಷದ ಹಿಂದೆ ಅಮೆರಿಕದ ಒಂದು ಸಣ್ಣ ನಗರದಲ್ಲಿ ನಡೆದದ್ದನ್ನು ಗಮನಿಸಬೇಕು. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗು ಕಟ್ಟುವ ಊರು. 1980ರ ದಶಕದಲ್ಲಿ ಅಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು; 2011ರ ಜನಗಣತಿಯ ನಮ್ಮ ಉಡುಪಿಗೆ ಹತ್ತಿರ. ಅಲ್ಲಿ ನ್ಯೂ ಬ್ರಯರ್‌ಫೀಲ್ಡ್ ಎಂಬ ವಸತಿ ಸಮುಚ್ಚಯವಿತ್ತು. 1942ರಲ್ಲಿ, ಯುದ್ಧದ ಹೊತ್ತಿನಲ್ಲಿ, ಹಡಗುಕಟ್ಟೆಯ ಕಾರ್ಮಿಕರಿಗಾಗಿ ಅವಸರದಲ್ಲಿ ಎಬ್ಬಿಸಿದ ಸುಮಾರು 450 ಮರದ ಮನೆಗಳವು. ಊರಿನಲ್ಲೇ ಅತಿ ಹೆಚ್ಚು ಕನ್ನಗಳವು ನಡೆಯುತ್ತಿದ್ದ ಜಾಗ ಅದು. ವರ್ಷಕ್ಕೆ ನಾಲ್ಕು ಮನೆಗಳಲ್ಲಿ ಒಂದಕ್ಕೆ ಕಳ್ಳರು ನುಗ್ಗುತ್ತಿದ್ದರು. ಪೊಲೀಸರು ಮನೆ ಮನೆಗೆ ಹೋಗಿ ನಿವಾಸಿಗಳ ಸಮೀಕ್ಷೆ ನಡೆಸಿದರು. ಕಳ್ಳರ ಬಗ್ಗೆ ಕೇಳಲು ಹೋದವರಿಗೆ ಜನ ತೋರಿಸಿದ್ದು ಮನೆಗಳ ಸ್ಥಿತಿಯನ್ನು: ಚೌಕಟ್ಟುಗಳು ಕೊಳೆತು ಕಿಟಕಿ, ಬಾಗಿಲುಗಳಿಗೆ ಚಿಲಕ ನಿಲ್ಲುತ್ತಿರಲಿಲ್ಲ. ಎಷ್ಟು ಗಸ್ತು ತಿರುಗಿದರೂ ಚಿಲಕವಿಲ್ಲದ ಬಾಗಿಲನ್ನು ಪೊಲೀಸರು ಕಾಯಲಾರರು. ಅಗ್ನಿಶಾಮಕ, ಲೋಕೋಪಯೋಗಿ, ವಸತಿ ಇಲಾಖೆಗಳನ್ನು ಅವರು ಒಂದೆಡೆ ಕೂರಿಸಿದರು. ಕಸ ಎತ್ತಿಸಿದರು, ವಾರಸುದಾರರಿಲ್ಲದ ಕಾರುಗಳನ್ನು ಸಾಗಿಸಿದರು, ರಸ್ತೆಯ ಗುಂಡಿ ಮುಚ್ಚಿಸಿದರು, ನಿವಾಸಿಗಳು ಸಂಘ ಕಟ್ಟಿಕೊಳ್ಳಲು ನೆರವಾದರು. ಕಳವು ಶೇ 35ರಷ್ಟು ಇಳಿಯಿತು.

ಅದೇ ಊರಿನ ಹಡಗುಕಟ್ಟೆಯ ಸುತ್ತಲಿನ ಪಾರ್ಕಿಂಗ್ ಜಾಗಗಳಲ್ಲಿ ಕಾರಿನೊಳಗಿನ ವಸ್ತುಗಳ ಕಳವು ನಿತ್ಯದ ದೂರಾಗಿತ್ತು. ಅಲ್ಲಿನ ಅಧಿಕಾರಿಗಳು ಪ್ರತಿ ಕಳವನ್ನೂ ನಕ್ಷೆಯ ಮೇಲೆ ಗುರುತು ಹಾಕಿದಾಗ ಕೆಲವೇ ಜಾಗಗಳಲ್ಲಿ ಗುರುತುಗಳು ಗುಂಪುಗೂಡಿದ್ದು ಕಂಡಿತು. ಬಳಿಕ ಅವರು ಶಿಕ್ಷೆಯಾಗಿದ್ದ ಕಳ್ಳರನ್ನೇ ಕೂರಿಸಿ ಕೇಳಿದರು: ಇಷ್ಟೊಂದು ಕಾರುಗಳಲ್ಲಿ ಯಾವುದನ್ನು ಆರಿಸುತ್ತೀರಿ? ಬಂದ ಉತ್ತರ ಯಾವ ಎಫ್‌ಐಆರ್‌ನಲ್ಲೂ ಇರಲಿಲ್ಲ. ಕಳ್ಳರಿಗೆ ಬೇಕಿದ್ದುದು ಮಾದಕ ವಸ್ತು. ಸ್ಥಳೀಯ ರಾಕ್ ಸಂಗೀತದ ರೇಡಿಯೊ ಕೇಂದ್ರದ ಸ್ಟಿಕ್ಕರ್ ಅಂಟಿಸಿದ, ಒಳಗಿನ ಕನ್ನಡಿಗೆ ಗರಿ ತೂಗುಹಾಕಿದ ಕಾರು ಕಂಡರೆ ಅದರೊಳಗೆ ಗಾಂಜಾ ಇರಬಹುದೆಂದು ಅವರು ಗಾಜು ಒಡೆಯುತ್ತಿದ್ದರು. ಈ ತಿಳಿವಳಿಕೆ ಗಸ್ತಿನವರ ಕೈಗೆ ಬಂದಾಗ ಎಲ್ಲಿ ನಿಲ್ಲಬೇಕು, ಯಾರ ಮೇಲೆ ಕಣ್ಣಿಡಬೇಕು ಎಂಬುದು ಸ್ಪಷ್ಟವಾಯಿತು. ಪದೇ ಪದೇ ಕಳವು ಮಾಡುತ್ತಿದ್ದವರು ಸಿಕ್ಕಿಬಿದ್ದರು. ಕಳವು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು.

ಈ ಪ್ರಯೋಗಕ್ಕೆ ತಳಹದಿ ಹಾಕಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಹರ್ಮನ್ ಗೋಲ್ಡ್‌ಸ್ಟೈನ್. 1979ರ ತಮ್ಮ ಪ್ರಸಿದ್ಧ ಲೇಖನವನ್ನು ಅವರು ಇಂಗ್ಲೆಂಡಿನ ಒಂದು ಬಸ್ ಸುದ್ದಿಯಿಂದ ಆರಂಭಿಸಿದರು. ತಂಗುದಾಣದಲ್ಲಿ ಸಾಲಾಗಿ ನಿಂತವರತ್ತ ಕೈಬೀಸಿ ಚಾಲಕರು ಬಸ್ ನಿಲ್ಲಿಸದೆ ಹೋಗುತ್ತಿದ್ದರಂತೆ. ಕೇಳಿದರೆ, ಪ್ರಯಾಣಿಕರಿಗಾಗಿ ನಿಲ್ಲಿಸುತ್ತಾ ಕೂತರೆ ವೇಳಾಪಟ್ಟಿ ಕಾಪಾಡುವುದು ಹೇಗೆ ಎಂಬ ಸಮಜಾಯಿಷಿ ಬಂತಂತೆ. ಪೊಲೀಸ್ ವ್ಯವಸ್ಥೆಯೂ ಹೀಗೇ ಆಗಿದೆ ಎಂಬುದು ಅವರ ವಾದ. ಎಷ್ಟು ಬೇಗ ಸ್ಥಳಕ್ಕೆ ಹೋದೆವು, ಎಷ್ಟು ಜನರನ್ನು ಬಂಧಿಸಿದೆವು ಎಂಬ ಲೆಕ್ಕ ಚೊಕ್ಕಟವಾಗಿರುತ್ತದೆ; ಯಾವ ತೊಂದರೆಗಾಗಿ ಜನ ಕರೆದರೋ ಆ ತೊಂದರೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಅವರು ಮುಂದಿಟ್ಟ ದಾರಿಯನ್ನು ನ್ಯೂಪೋರ್ಟ್ ನ್ಯೂಸ್‌ನಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿಕೊಂಡರು: ಸಮಸ್ಯೆ ಗುರುತಿಸುವುದು, ಕಾರಣ ಶೋಧಿಸುವುದು, ಕ್ರಮ ಕೈಗೊಳ್ಳುವುದು, ಫಲ ಅಳೆಯುವುದು. ಈ ವಿಧಾನ ಕುರಿತ 34 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಅಪರಾಧ ಮತ್ತು ಅಶಿಸ್ತಿನಲ್ಲಿ ಸರಾಸರಿ ಸುಮಾರು ಶೇ 34ರಷ್ಟು ಇಳಿಕೆ ಕಂಡಿತು. ಜನರ ಭಯದ ಮೇಲೆ ಮಾತ್ರ ಅಷ್ಟೊಂದು ಪರಿಣಾಮ ಕಾಣಲಿಲ್ಲ ಎಂದೂ ಅದು ಹೇಳಿತು. ಸರ್ವರೋಗಕ್ಕೆ ಮದ್ದಲ್ಲ, ಆದರೆ ಕೆಲಸ ಮಾಡುವ ಮದ್ದು.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ ಮುಂಬೈ ಪಕ್ಕದ ಭಿವಂಡಿ ಇದೆ. ಮಗ್ಗಗಳ ಈ ಊರು 1970ರಲ್ಲಿ, ಮತ್ತೆ 1984ರಲ್ಲಿ ಕೋಮು ಗಲಭೆಯಲ್ಲಿ ಬೆಂದಿತ್ತು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ, ಬೀದಿ ಬೀದಿಯಲ್ಲಿ ಹಿಂದೂ-ಮುಸ್ಲಿಂ ಇಬ್ಬರೂ ಇರುವ ಸುಮಾರು 70 ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ನಮ್ಮಲ್ಲಿ ಗಣೇಶ ಚತುರ್ಥಿ, ಈದ್ ಮಿಲಾದ್‌ಗೆ ಮುನ್ನ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಗಿಂತ ಇವು ಬೇರೆ. ಹಬ್ಬದ ಹಂಗಿಲ್ಲದೆ ವರ್ಷವಿಡೀ ಸೇರುತ್ತಿದ್ದವು. ಮುಖಂಡರಿಗಿಂತ ಸಾಮಾನ್ಯ ನಿವಾಸಿಗಳೇ ಅಲ್ಲಿ ಕೂರುತ್ತಿದ್ದರು. ಓಣಿಯ ಸಣ್ಣ ಜಗಳ ದೊಡ್ಡದಾಗುವ ಮೊದಲೇ ಅಲ್ಲಿ ಬಗೆಹರಿಯುತ್ತಿತ್ತು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈಯ ಕೋಮು ಗಲಭೆಯಲ್ಲಿ ಸುಮಾರು 900 ಮಂದಿ ಸತ್ತರು. ಭಿವಂಡಿ ತಣ್ಣಗಿತ್ತು. ಶಾಂತಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ವದಂತಿ ಹಬ್ಬಿದ ದಿನ ಯಾರಿಗೆ ಫೋನ್ ಮಾಡಬೇಕು, ಯಾರ ಮಾತು ಯಾವ ಬೀದಿಯಲ್ಲಿ ನಡೆಯುತ್ತದೆ ಎಂಬುದು ಪೊಲೀಸರಿಗೆ ಮೊದಲೇ ಗೊತ್ತಿರುವುದು ಸಣ್ಣ ಸಂಗತಿಯಲ್ಲ.

ಸಮಸ್ಯೆಯ ಬೇರಿಗೆ ಕೈಹಾಕುವ ಈ ಕೆಲಸಕ್ಕೆ ಠಾಣೆಯ ಒಳಗಿನಿಂದಲೇ ಬರುವ ಮೊದಲ ಆಕ್ಷೇಪ: ಬೀದಿದೀಪ ನಗರಸಭೆಯದ್ದು, ಗುಂಡಿ ಲೋಕೋಪಯೋಗಿಯದ್ದು, ಬಾರ್ ಅಬಕಾರಿಯದ್ದು; ನಾವೇಕೆ ತಲೆಹಾಕಬೇಕು? ದೀಪ ಹಾಕುವುದು ಪೊಲೀಸರ ಕೆಲಸವಲ್ಲ ನಿಜ. ಆದರೆ ಯಾವ ದೀಪ ಕೆಟ್ಟಿದ್ದರಿಂದ ಎಷ್ಟು ಸರಗಳ್ಳತನವಾಯಿತು, ಯಾವ ತಿರುವಿನಲ್ಲಿ ಎಷ್ಟು ಜೀವ ಹೋಯಿತು ಎಂಬ ಲೆಕ್ಕ ಇರುವುದು ಪೊಲೀಸರ ಬಳಿ ಮಾತ್ರ. ಹೆದ್ದಾರಿಯಲ್ಲಿ ಪದೇ ಪದೇ ಅಪಘಾತವಾಗುವ ಬ್ಲ್ಯಾಕ್ ಸ್ಪಾಟ್‌ಗಳನ್ನು ಗುರುತಿಸುವಾಗ ಪೊಲೀಸರ ಅಪಘಾತ ದಾಖಲೆ ಇಟ್ಟುಕೊಂಡೇ ಎಂಜಿನಿಯರುಗಳು ಕೆಲಸ ಮಾಡುತ್ತಾರೆ. ರಸ್ತೆಗೆ ಒಪ್ಪಿಕೊಂಡ ನಿಯಮವನ್ನು ಓಣಿಗೂ ಅನ್ವಯಿಸಿ ಎಂಬುದಷ್ಟೇ ಇಲ್ಲಿನ ಬೇಡಿಕೆ.

ಸಿಬ್ಬಂದಿ ಎಲ್ಲಿದ್ದಾರೆ ಎಂಬುದು ಎರಡನೆಯ ಆಕ್ಷೇಪ. ಇರುವವರೇ ಬಂದೋಬಸ್ತ್, ಸಮನ್ಸ್, ಕೋರ್ಟು ಎಂದು ಓಡಾಡಿ ಸುಸ್ತಾಗಿರುವುದು ಸುಳ್ಳಲ್ಲ. ಆದರೆ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಇದಕ್ಕಾಗಿ ಪ್ರತ್ಯೇಕ ದಳ ಕಟ್ಟಲಿಲ್ಲ. ಗಸ್ತಿನವರು, ಪತ್ತೇದಾರರು ಮಾಮೂಲಿ ಕೆಲಸದ ನಡುವೆಯೇ ಇದನ್ನು ಮಾಡಿದರು. ಆ ಪ್ರಯೋಗ ಪರೀಕ್ಷಿಸಲು ಹೊರಟದ್ದೂ ಅದನ್ನೇ. ಅದೇ ಮನೆಗೆ, ಅದೇ ವೃತ್ತಕ್ಕೆ ಹತ್ತನೇ ಸಲ ಓಡುವುದು ತಪ್ಪಿದರೆ ಉಳಿಯುವುದು ಸಿಬ್ಬಂದಿಯ ಸಮಯವೇ. ಇಲ್ಲಿ ಒತ್ತಡ ಹಾಕಿದರೆ ಕಳ್ಳರು ಪಕ್ಕದ ಬಡಾವಣೆಗೆ ಹೋಗುತ್ತಾರೆ ಎಂಬ ಮಾತೂ ಕೇಳಿಬರುತ್ತದೆ. ಮೇಲೆ ಹೇಳಿದ ಪರಾಮರ್ಶೆಗೆ ಅಂಥ ಸ್ಥಳಾಂತರದ ಪುರಾವೆ ಸಿಗಲಿಲ್ಲ. ಕೆಲವೆಡೆ ಅಕ್ಕಪಕ್ಕದ ಪ್ರದೇಶಕ್ಕೂ ಲಾಭವಾದ ಸೂಚನೆ ಸಿಕ್ಕಿತು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸಮಸ್ಯೆ ಬಗೆಹರಿಸುವ ಹೆಸರಿನಲ್ಲಿ ಬಡವರನ್ನೇ ಸಮಸ್ಯೆಯಾಗಿಸಿ ತಳ್ಳುಗಾಡಿ ಎತ್ತಂಗಡಿ ಮಾಡುವುದು ಸುಲಭ. ಪೊಲೀಸರಿಗೆ ಹತ್ತಿರವಾದ ನಾಲ್ವರು ಸಮಿತಿಯ ಹೆಸರಿನಲ್ಲಿ ಊರ ದಲ್ಲಾಳಿಗಳಾಗುವುದು ಇನ್ನೂ ಸುಲಭ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ಸಂಘಟನೆಯನ್ನು, ಸಾತ್ತಾನ್‌ಕುಳಂ ಠಾಣೆಯ ದೌರ್ಜನ್ಯದಿಂದ ಇಬ್ಬರು ಸತ್ತ ಪ್ರಕರಣದಲ್ಲಿ ಅದರ ಸದಸ್ಯರ ಮೇಲೂ ಆರೋಪ ಬಂದ ಬೆನ್ನಲ್ಲೇ, 2020ರ ಜುಲೈಯಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಬೇಕಾಯಿತು. ಪಾಠ ಸ್ಪಷ್ಟ: ಜನರಿಗೆ ಲಾಠಿಯ ಪಾಲು ಕೊಡಬಾರದು, ಪ್ರಶ್ನೆ ಕೇಳುವ ಹಕ್ಕು ಕೊಡಬೇಕು. ಸಮಿತಿಯ ಸದಸ್ಯರಿಗೆ ತಪಾಸಣೆ, ಬಂಧನ, ರಾಜಿ ಪಂಚಾಯಿತಿ ಯಾವುದರಲ್ಲೂ ಪಾತ್ರವಿರಕೂಡದು. ಬೀದಿ ವ್ಯಾಪಾರಿಗಳ ವಿಷಯ ಬಂದರೆ 2014ರ ಕಾಯ್ದೆಯಡಿ ರಚನೆಯಾಗಬೇಕಾದ ಪಟ್ಟಣ ವ್ಯಾಪಾರ ಸಮಿತಿಯನ್ನು ಬಿಟ್ಟು ಪೊಲೀಸರು ತೀರ್ಮಾನಿಸಕೂಡದು. ನ್ಯೂ ಬ್ರಯರ್‌ಫೀಲ್ಡ್‌ನಲ್ಲಿ ಸಮೀಕ್ಷೆ ಶುರುವಾದದ್ದು ಕಳವಿಗೆ ಒಳಗಾದ ಬಡ ನಿವಾಸಿಗಳಿಂದ. ಯಾರನ್ನು ಮೊದಲು ಕೇಳುತ್ತೇವೆ ಎಂಬುದರ ಮೇಲೆ ಸಮಸ್ಯೆ ಯಾರದು ಎಂಬುದು ನಿಂತಿರುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಹೊಸ ಯೋಜನೆ, ಹೊಸ ಹೆಸರು ಬೇಡ. ಮನೆ ಮನೆಗೆ ಹೋಗುವ ಸಿಬ್ಬಂದಿ ತರುವ ಮಾಹಿತಿಯನ್ನೂ 112ಕ್ಕೆ ಬರುವ ಕರೆಗಳನ್ನೂ ಒಟ್ಟಿಗಿಟ್ಟು, ಪ್ರತಿ ಠಾಣೆ ವರ್ಷಕ್ಕೆ ಒಂದು ಮರುಕಳಿಸುವ ಸಮಸ್ಯೆಯನ್ನು ಆರಿಸಿಕೊಳ್ಳಲಿ. ಮೊದಲು ಎಷ್ಟಿತ್ತು, ಕಾರಣವೇನು ಎಂದು ಬರೆದಿಡಲಿ. ನಗರಸಭೆಗೋ ಇನ್ನೊಂದು ಇಲಾಖೆಗೋ ಠಾಣೆ ಬರೆದ ಪತ್ರಕ್ಕೆ ನಿಗದಿತ ದಿನಗಳಲ್ಲಿ ಲಿಖಿತ ಉತ್ತರ ಬರುವಂತೆ ಜಿಲ್ಲಾಧಿಕಾರಿ ನೋಡಿಕೊಳ್ಳಲಿ. ಎಸ್‌ಪಿ ನಡೆಸುವ ಅಪರಾಧ ಪರಿಶೀಲನಾ ಸಭೆಯಲ್ಲಿ ಎಷ್ಟು ಪ್ರಕರಣ ಪತ್ತೆಯಾಯಿತು ಎಂಬುದರ ಜೊತೆಗೆ ಎಷ್ಟು ತೊಂದರೆ ನಿಂತಿತು ಎಂದೂ ಕೇಳಲಿ. ಅಂಕಿ ಸುಂದರವಾಗಿಸಲು ದೂರು ದಾಖಲಿಸದೇ ಇರುವ ಚಾಳಿ ಹುಟ್ಟದಂತೆ, ಫಲಿತಾಂಶವನ್ನು ಠಾಣೆಯ ಹೊರಗಿನವರು, ಬೇಕಾದರೆ ಅದೇ ಊರಿನ ಕಾಲೇಜಿನವರು, ನಿವಾಸಿಗಳನ್ನು ಕೇಳಿ ಪರಿಶೀಲಿಸಲಿ. ಊರು ಅರ್ಥವಾಗುವ ಮೊದಲೇ ಇನ್‌ಸ್ಪೆಕ್ಟರ್ ವರ್ಗವಾಗುವುದಾದರೆ ಇವ್ಯಾವುದೂ ನಡೆಯದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ ಮುಖ್ಯವಾಗುತ್ತದೆ. ಬೆಂಗಳೂರಿನಂಥ ಮಹಾನಗರಕ್ಕಿಂತ ಉಡುಪಿ, ಗದಗ, ಹಾಸನದಂಥ ಊರುಗಳಲ್ಲಿ ಇದು ಬೇಗ ಫಲಿಸಬಹುದು. ಅಲ್ಲಿ ಪೌರಾಯುಕ್ತರ ಕಚೇರಿಗೂ ಠಾಣೆಗೂ ದೂರ ಕಡಿಮೆ. ಯಾರು ಏನು ಮಾಡಲಿಲ್ಲ ಎಂಬುದು ಊರಿಗೆ ಗೊತ್ತಾಗುವುದೂ ಬೇಗ. ಮುಂದಿನ ಬಾರಿ ಪೊಲೀಸರು ಕದ ತಟ್ಟಿದಾಗ ನಿಮ್ಮ ಬೀದಿಯಲ್ಲಿ ಮತ್ತೆ ಮತ್ತೆ ಕಾಡುವ ತೊಂದರೆ ಯಾವುದು ಎಂದು ಕೇಳಬೇಕು. ಆರು ತಿಂಗಳ ನಂತರ ಅದೇ ಮನೆಗೆ ಬಂದು, ಅದು ಏನಾಯಿತು ಎಂಬ ಉತ್ತರವನ್ನೂ ಕೊಡಬೇಕು.