ಆಮೆಯ ರಾತ್ರಿ, ಪ್ರವಾಸಿಯ ಹಗಲು

ಕೊಲಂಬೊದಿಂದ ಬೆಳಗ್ಗೆ ಏಳಕ್ಕೆ ಹೊರಡುವ ಬಾಡಿಗೆ ಕಾರು ರಾತ್ರಿ ಎಂಟರ ಹೊತ್ತಿಗೆ ವಾಪಸ್ ಹೋಟೆಲಿಗೆ ತಂದು ಬಿಡುತ್ತದೆ. ನಡುವಿನ ಹದಿಮೂರು ಗಂಟೆಗಳಲ್ಲಿ ಶ್ರೀಲಂಕಾದ ನೈರುತ್ಯ ಕರಾವಳಿಯನ್ನು ನೋಡಿ ಮುಗಿಸಬೇಕು. ಬಾಲಪಿಟಿಯದ ಮಾದು ಗಂಗಾ ಹಿನ್ನೀರಿನಲ್ಲಿ ದೋಣಿ ವಿಹಾರ, ಕಾಂಡ್ಲಾ ಗಿಡಗಳ ಸುರಂಗ, ದ್ವೀಪವೊಂದರಲ್ಲಿ ದಾಲ್ಚಿನ್ನಿ ತೊಗಟೆ ಸುಲಿಯುವ ಪ್ರಾತ್ಯಕ್ಷಿಕೆ. ಕೊಸ್ಗೊಡದಲ್ಲಿ ಕಡಲಾಮೆ ಹ್ಯಾಚರಿ, ಅಂದರೆ ಮೊಟ್ಟೆ ತಂದು ಹೂತು ಮರಿ ಮಾಡಿಸುವ ಕೇಂದ್ರ. ಅಂಬಲಂಗೊಡದಲ್ಲಿ ಮರದ ಮುಖವಾಡ. ಊಟವಾದ ಮೇಲೆ ಗಾಲೆ ಕೋಟೆ, ಆಮೇಲೆ ಕೊಗ್ಗಲದ ಕಡೆ ನೀರಿನಲ್ಲಿ ನೆಟ್ಟ ಕೋಲಿನ ಮೇಲೆ ಕೂತು ಗಾಳ ಹಾಕುವ ಮೀನುಗಾರರು. 2011ರಲ್ಲಿ ದಕ್ಷಿಣದ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಗಾಲೆ ಇನ್ನಷ್ಟು ಹತ್ತಿರವಾಯಿತು, ಪಟ್ಟಿ ಇನ್ನಷ್ಟು ಉದ್ದವಾಯಿತು. 2024ರಲ್ಲಿ ಆ ದೇಶಕ್ಕೆ ಬಂದ 20 ಲಕ್ಷ ಚಿಲ್ಲರೆ ಪ್ರವಾಸಿಗರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು. ಬೆಂಗಳೂರಿನಿಂದ ಒಂದೂವರೆ ಗಂಟೆಯ ವಿಮಾನ ಹತ್ತಿ ಹೋದ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ಹಾಗಾಗಿ ಈ ಪಟ್ಟಿಯ ಬಗ್ಗೆ ನಾವೂ ಒಂದು ಪ್ರಶ್ನೆ ಕೇಳಬಹುದು. ಇದರಲ್ಲಿ ಹಗಲಿಗೆ ಸೇರಿದ್ದು ಯಾವುದು, ಸೇರದ್ದು ಯಾವುದು? ಕೋಟೆ ಹಗಲಿನದು. ಆಮೆ ರಾತ್ರಿಯದು. ಆಮೆಯನ್ನು ಹಗಲಿನ ಪಟ್ಟಿಯಿಂದ ತೆಗೆದುಹಾಕಬೇಕು ಎನ್ನುವುದಷ್ಟೇ ಈ ಬರಹದ ವಾದ.

ಕಡಲಾಮೆ ದಡಕ್ಕೆ ಬರುವುದು ಕತ್ತಲಾದ ಮೇಲೆ. ಹಿಂಗಾಲುಗಳಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಬೆಳಕು ಹರಿಯುವ ಮುಂಚೆ ಸಾಮಾನ್ಯವಾಗಿ ಕಡಲಿಗೆ ಮರಳಿರುತ್ತದೆ. ಏಳೆಂಟು ವಾರಗಳ ಮೇಲೆ ಒಡೆದ ಮೊಟ್ಟೆಗಳ ಮರಿಗಳು ಮರಳಿನಡಿಯಲ್ಲೇ ಕಾಯುತ್ತವೆ. ಮೇಲಿನ ಮರಳು ತಣ್ಣಗಾಯಿತೆಂದರೆ ಹೊತ್ತು ಮುಳುಗಿತೆಂದು ಅವಕ್ಕೆ ಲೆಕ್ಕ. ಆಗ ಒಟ್ಟಿಗೇ ಮೇಲೆದ್ದು, ತೆರೆಯ ಮೇಲಿನ ಮಂದ ಬೆಳಕನ್ನು ಹಿಡಿದು ನೀರಿಗಿಳಿಯುತ್ತವೆ. ನೀರು ಸೇರಿದ ಮೊದಲ ಒಂದು ದಿನದ ಮಟ್ಟಿಗೆ ಅವು ಎಡೆಬಿಡದೆ ಈಜುತ್ತವೆ. ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯೇ ಆ ಓಟಕ್ಕೆ ಬುತ್ತಿ. ದಡದ ಹತ್ತಿರ ಬಾಯಿ ತೆರೆದು ಕಾದಿರುವ ಮೀನುಗಳನ್ನು ದಾಟಿ ಆಳದ ಪ್ರವಾಹ ಸೇರಿಕೊಳ್ಳಲು ಅವಕ್ಕೆ ಸಿಗುವ ಅವಕಾಶ ಇದೊಂದೇ. ಈ ಇಡೀ ವ್ಯವಹಾರದಲ್ಲಿ ಬೆಳಗ್ಗೆ ಹನ್ನೊಂದೂವರೆಗೆ ನೋಡಲು ಸಿಗುವಂಥದ್ದು ಒಂದೂ ಇಲ್ಲ. ಆದರೆ ಕಾರು ಕೊಸ್ಗೊಡ ತಲುಪುವುದು ಹನ್ನೊಂದೂವರೆಗೆ. ಟಿಕೆಟ್ ಕೊಂಡವರಿಗೆ ಮರಳಿನಲ್ಲಿ ಹುಗಿದ ಮೊಟ್ಟೆಯನ್ನು ತೋರಿಸಿ ಕಳಿಸಲಾಗುತ್ತದೆಯೇ? ಅದಕ್ಕೇ ಸಿಮೆಂಟಿನ ತೊಟ್ಟಿ ಬಂತು. ರಾತ್ರಿ ಹುಟ್ಟಿದ ಮರಿ ಹಗಲು ಬರುವ ಗಿರಾಕಿಗಾಗಿ ತೊಟ್ಟಿಯಲ್ಲಿ ಒಂದು ದಿನ, ಎರಡು ದಿನ, ಕೆಲವೆಡೆ ಇನ್ನೂ ಹೆಚ್ಚು ಕಾಯುತ್ತದೆ.

ಆ ಕಾಯುವಿಕೆಯ ಬೆಲೆ ಏನು ಎನ್ನುವುದು ಆಮೆಗಳನ್ನು ಅಭ್ಯಾಸ ಮಾಡುವವರಿಗೆ ಹೊಸ ವಿಷಯವಲ್ಲ. ಮರಿ ಆ ಮೊದಲ ದಿನದ ಆವೇಗವನ್ನು ತೊಟ್ಟಿಯ ಗೋಡೆಗೆ ಮೂತಿ ಗುದ್ದುತ್ತ ಕಳೆಯುತ್ತದೆ. ಬುತ್ತಿ ಅಲ್ಲೇ ಖರ್ಚಾಗುತ್ತದೆ. ಒತ್ತೊತ್ತಾಗಿ ತುಂಬಿದ ಮರಿಗಳು ಒಂದರ ರೆಕ್ಕೆಗಾಲನ್ನು ಇನ್ನೊಂದು ಕಚ್ಚುತ್ತವೆ, ಗಾಯಕ್ಕೆ ಸೋಂಕು ತಗಲುತ್ತದೆ. ಇದರ ಮೇಲೆ ಸನ್‌ಸ್ಕ್ರೀನ್ ಹಚ್ಚಿದ ಕೈಗಳು ಎತ್ತಿ, ತಿರುಗಿಸಿ, ಫೋಟೊ ತೆಗೆಸಿಕೊಂಡು ಇಳಿಸುತ್ತವೆ. ಮೊಟ್ಟೆಯ ಕಡೆಗೂ ತೊಡಕಿದೆ. ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಅಲುಗಾಡಿಸಿದರೆ ಅದು ಸಾಯಬಹುದು. ಗೂಡಿನ ಶಾಖವೇ ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಚೀಚೆ ಸಮಪಾಲು, ಅದಕ್ಕಿಂತ ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಎಲ್ಲ ಗೂಡುಗಳನ್ನೂ ಒಂದೇ ಬೇಲಿಯೊಳಗೆ, ಒಂದೇ ಬಿಸಿಲಿಗೋ ಒಂದೇ ನೆರಳಿಗೋ ಸಾಲಾಗಿ ಹೂಳಿದರೆ ಲಿಂಗಾನುಪಾತ ಏರುಪೇರಾಗಬಹುದು. ಹಾಗಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಾದರೆ ಥರ್ಮಾಮೀಟರ್ ಹಿಡಿದು ಅಳೆಯುವವರು ಬೇಕು. ಮರಿಗಳಲ್ಲಿ ದೊಡ್ಡದಾಗಿ ಬೆಳೆದು ವಾಪಸು ಬರುವುದು ಸಾವಿರಕ್ಕೊಂದು ಎಂಬ ಅಂದಾಜಿದೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಒಂದು ಫೋಟೊಗಾಗಿ ಕಳೆಯುವ ದಿನ ಸಣ್ಣದಲ್ಲ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದೇ. ಹ್ಯಾಚರಿಗಳಿಲ್ಲದಿದ್ದರೆ ಆ ಮೊಟ್ಟೆಗಳು ಸಂತೆಗೆ ಹೋಗುತ್ತಿದ್ದವು. ಶ್ರೀಲಂಕಾದಲ್ಲಿ ಕಡಲಾಮೆಗೂ ಅದರ ಮೊಟ್ಟೆಗೂ ವನ್ಯಜೀವಿ ಕಾನೂನಿನ ರಕ್ಷಣೆ ಇದ್ದರೂ ಬಡ ಕುಟುಂಬಗಳು ಗೂಡು ಬಗೆದು ಮೊಟ್ಟೆ ಮಾರುತ್ತಿದ್ದುದು ಸುಳ್ಳಲ್ಲ. ಹ್ಯಾಚರಿಯವರು ಅದೇ ಜನರಿಂದ ಸಂತೆಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡುಕೊಂಡರು, ಆ ದುಡ್ಡು ಪ್ರವಾಸಿಯ ಟಿಕೆಟ್ಟಿನಿಂದ ಬಂತು. ಇದನ್ನು ಒಪ್ಪಲೇಬೇಕು. ಬಲೆಗೆ ಸಿಕ್ಕು ಕಾಲು ಕಳೆದುಕೊಂಡ ದೊಡ್ಡ ಆಮೆಗಳಿಗೆ ಆಶ್ರಯ ಕೊಡುವ, ಹುಟ್ಟಿದ ರಾತ್ರಿಯೇ ಮರಿಗಳನ್ನು ಬಿಡುವ ಕೇಂದ್ರಗಳೂ ಇವೆ. ಈ ಟೀಕೆ ಅವಕ್ಕಲ್ಲ. ಆದರೆ ಮೊಟ್ಟೆ ಉಳಿಸಲು ತೊಟ್ಟಿಯೇ ಬೇಕು ಎನ್ನುವುದನ್ನು ಅದೇ ಕರಾವಳಿ ಸುಳ್ಳು ಮಾಡಿದೆ. ಟಂಗಾಲೆಯ ಹತ್ತಿರದ ರೆಕಾವದಲ್ಲಿ 1990ರ ದಶಕದಲ್ಲೇ ಟರ್ಟಲ್ ಕನ್ಸರ್ವೇಶನ್ ಪ್ರಾಜೆಕ್ಟ್ ಎಂಬ ಸಂಸ್ಥೆ ಬೇರೆ ದಾರಿ ಹಿಡಿಯಿತು. ಮೊಟ್ಟೆ ಕದಿಯುತ್ತಿದ್ದವರನ್ನೇ ಸಂಬಳ ಕೊಟ್ಟು ಗೂಡು ಕಾಯಲು ನೇಮಿಸಿತು. ಆಮೆ ಎಲ್ಲಿ ಏರುತ್ತದೆ, ಗೂಡು ಯಾವುದು, ಹುಸಿಗುಂಡಿ ಯಾವುದು ಎಂದು ಅವರಷ್ಟು ಬಲ್ಲವರು ಇನ್ಯಾರು? ಮೊಟ್ಟೆ ಇಟ್ಟಲ್ಲೇ ಇತ್ತು, ಕಾವಲು ಅದರ ಬಳಿಗೆ ಬಂತು. 2006ರಲ್ಲಿ ಸರಕಾರ ಆ ದಡವನ್ನು ಅಭಯಾರಣ್ಯವೆಂದು ಘೋಷಿಸಿತು. ಅಲ್ಲಿ ಪ್ರವಾಸಿಗರಿಗೂ ಜಾಗವಿದೆ, ಟಿಕೆಟ್ಟೂ ಇದೆ. ಕತ್ತಲಾದ ಮೇಲೆ ಹೋಗಬೇಕು, ಕಾವಲುಗಾರ ಕರೆಯುವ ತನಕ ಕೂತಿರಬೇಕು, ಫ್ಲ್ಯಾಷ್ ಹಾಕುವ ಹಾಗಿಲ್ಲ. ಕೆಲವು ರಾತ್ರಿ ಒಂದು ಆಮೆಯೂ ಬರುವುದಿಲ್ಲ. ರಾತ್ರಿ ಎಂಟಕ್ಕೆ ಕೊಲಂಬೊ ತಲುಪಬೇಕಾದ ಕಾರಿಗೆ ರೆಕಾವ ಒಗ್ಗುವುದಿಲ್ಲ, ಅದಕ್ಕೇ ಅದು ಪಟ್ಟಿಯಲ್ಲಿಲ್ಲ. ಗಿರಾಕಿ ಕರೆತಂದ ಚಾಲಕನಿಗೆ ಕಮಿಷನ್ ಕೊಡುವ ಪದ್ಧತಿ ಈ ರಸ್ತೆಯಲ್ಲಿ ಹಳೆಯದು. ಮಸಾಲೆ ತೋಟ, ಹರಳಿನ ಅಂಗಡಿ, ಹ್ಯಾಚರಿಗಳ ಮುಂದೆ ಕಾರು ತಾನಾಗಿ ನಿಧಾನವಾಗುವುದು ಆಮೆಯ ಮೇಲಿನ ಪ್ರೀತಿಗಷ್ಟೇ ಅಲ್ಲ.

ಹಗಲಿನ ಗಡಿಯಾರಕ್ಕೆ ಒಗ್ಗಿಸಿಕೊಂಡ ಇನ್ನೊಂದು ದೃಶ್ಯ ಕೊಗ್ಗಲದ ಕೋಲು ಮೀನುಗಾರಿಕೆ. ಇದನ್ನು ಪ್ರಾಚೀನ ಸಂಪ್ರದಾಯವೆಂದು ಮಾರಲಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಹಾರಕ್ಕೂ ಬಂಡೆಯ ಮೇಲಿನ ಜಾಗಕ್ಕೂ ಬರ ಬಂದಾಗ ಜನ ನೀರಿನೊಳಕ್ಕೆ ಕೋಲು ನೆಟ್ಟು ಅಡ್ಡಪಟ್ಟಿಯ ಮೇಲೆ ಕೂರಲು ಶುರುಮಾಡಿದರೆಂಬುದು ಸಾಮಾನ್ಯವಾಗಿ ಹೇಳುವ ಚರಿತ್ರೆ. ಹಾಗಿದ್ದರೆ ಅದಕ್ಕೆ ನೂರು ವರ್ಷವೂ ತುಂಬಿಲ್ಲ. ನಿಜವಾದ ಗಾಳ ಬೀಳುತ್ತಿದ್ದುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. 2004ರ ಸುನಾಮಿಯ ನಂತರ ಮೀನು, ದಡ ಎರಡೂ ಬದಲಾದವು. ಈಗ ನಡುಹಗಲಲ್ಲಿ ಕೋಲೇರಿ ಕೂತವರಲ್ಲಿ ಹೆಚ್ಚಿನವರು ಹಿಡಿಯುವುದು ಕ್ಯಾಮೆರಾದವರನ್ನು. ಇದನ್ನು ಮೋಸವೆಂದು ಮೂಗು ಮುರಿಯುವ ಬರಹಗಳು ಬೇಕಾದಷ್ಟಿವೆ, ಅವುಗಳ ಸಾಲಿಗೆ ಇದನ್ನು ಸೇರಿಸುವ ಆಸೆಯಿಲ್ಲ. ಮೀನು ಸಿಗದ ಮನುಷ್ಯ ತನ್ನ ಕಸುಬನ್ನು ವೇಷವಾಗಿ ಹಾಕಿ ತೋರಿಸಿ ಕೂಲಿ ಕೇಳಿದರೆ ಅದು ಅವನ ತೀರ್ಮಾನ. ಬೇಸರವಾದ ದಿನ ಅವನು ಇಳಿದು ಮನೆಗೆ ಹೋಗಬಲ್ಲ, ದುಡ್ಡು ಕಡಿಮೆಯಾದರೆ ಜಗಳವಾಡಬಲ್ಲ. ತೊಟ್ಟಿಯ ಮರಿಗೆ ಇವೆರಡೂ ಸಾಧ್ಯವಿಲ್ಲ. ಪರಂಪರೆಯನ್ನೂ ವನ್ಯಜೀವಿಯನ್ನೂ ಒಂದೇ ಪ್ಯಾಕೇಜಿನಲ್ಲಿ, ಒಂದೇ ದರದಲ್ಲಿ ಕಟ್ಟಿಕೊಡುವಾಗ ಮಾಯವಾಗುವುದು ಈ ವ್ಯತ್ಯಾಸ.

ಹಾಗಾದರೆ ಹಗಲೆಲ್ಲ ಮಾಡುವುದೇನು? ಗಾಲೆ ಕೋಟೆಗೆ ಆ ಹಗಲನ್ನು ಪೂರ್ತಿಯಾಗಿ ಕೊಡಬಹುದು. ಸದ್ಯದ ಪಟ್ಟಿಯಲ್ಲಿ ಅದಕ್ಕೆ ಸಿಗುವುದು ಒಂದೂವರೆ ಗಂಟೆ: ದೀಪಸ್ತಂಭದ ಮುಂದೆ ಫೋಟೊ, ಐಸ್‌ಕ್ರೀಂ, ವಾಪಸ್. ಪೋರ್ಚುಗೀಸರು 16ನೇ ಶತಮಾನದಲ್ಲಿ ಕಟ್ಟಿಕೊಂಡಿದ್ದ ಕೋಟೆಯನ್ನು 1640ರಲ್ಲಿ ಡಚ್ಚರು ಕಿತ್ತುಕೊಂಡು ಈಗ ಕಾಣುವ ಗೋಡೆ, ಕೊತ್ತಲಗಳನ್ನು ಎಬ್ಬಿಸಿದರು. 1796ರಲ್ಲಿ ಅದು ಬ್ರಿಟಿಷರ ಕೈಸೇರಿತು. ಸಮುದ್ರದ ಉಬ್ಬರದ ನೀರೇ ಒಳನುಗ್ಗಿ ತೊಳೆದುಹೋಗುವಂತೆ ಡಚ್ಚರು ರೂಪಿಸಿದ ನೆಲದಡಿಯ ಚರಂಡಿ ವ್ಯವಸ್ಥೆಯ ಬಗ್ಗೆ ಕೇಳಿದರೆ ನಮ್ಮ ನಗರಪಾಲಿಕೆಗಳು ಸ್ವಲ್ಪ ನಾಚಿಕೊಳ್ಳಬಹುದು. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುನಾಮಿಯ ದಿನ ಹೊರಗಿನ ಪೇಟೆಯೂ ಕ್ರಿಕೆಟ್ ಕ್ರೀಡಾಂಗಣವೂ ನೀರಿನಲ್ಲಿ ಕೊಚ್ಚಿಹೋಗುತ್ತಿದ್ದಾಗ ಈ ಗೋಡೆಗಳು ಒಳಗಿನ ಮನೆಗಳನ್ನು ಬಹುಮಟ್ಟಿಗೆ ಕಾದವು. ಇನ್ನೂ ಹಿಂದಕ್ಕೆ ಹೋದರೆ ಗಾಲೆಯಲ್ಲಿ 1911ರಲ್ಲಿ ಸಿಕ್ಕ ಕಲ್ಲೊಂದಿದೆ. ಚೀನಾದ ನೌಕಾಧಿಪತಿ ಝೆಂಗ್ ಹೆ ತಂದು ನೆಡಿಸಿದ, 1409ರ ದಿನಾಂಕದ ಶಾಸನ ಅದು. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುರೂಪಿ ತೇನಾವರೈ ನಾಯನಾರ್‌ಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆಗಳ ಪಟ್ಟಿ, ಮೂರೂ ಒಂದೇ ಬಂಡೆಯ ಮೇಲೆ. ಬಂದರಿನಲ್ಲಿ ವ್ಯಾಪಾರ ನಡೆಯಬೇಕಾದರೆ ಯಾರನ್ನೂ ಬಿಡುವಂತಿಲ್ಲ ಎಂಬ ಲೆಕ್ಕಾಚಾರ ಆ ಅಡ್ಮಿರಲ್‌ಗೆ ಗೊತ್ತಿತ್ತು. ಕಲ್ಲು ಈಗ ಕೊಲಂಬೊದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ, ಅಂದರೆ ಕಾರು ಹೊರಡುವ ಊರಿನಲ್ಲೇ. ಕೋಟೆಯೊಳಗೆ ಮಸೀದಿ, ಡಚ್ ಚರ್ಚು, ಬೌದ್ಧ ವಿಹಾರ, ವಕೀಲರ ಕಚೇರಿಗಳು, ಶಾಲೆಗಳು ಎಲ್ಲವೂ ಇವೆ. ಹಳೇ ಮನೆಗಳು ಒಂದೊಂದಾಗಿ ಹೋಟೆಲುಗಳಾಗುತ್ತಿದ್ದರೂ ಅದು ಇನ್ನೂ ಜನ ವಾಸಿಸುವ ಊರು. ಅಲ್ಲಿ ಒಂದು ದಿನ ನಿಧಾನಕ್ಕೆ ಸುತ್ತಿ, ಅಲ್ಲಿನವರೇ ಆದ ಗೈಡಿಗೆ ದುಡ್ಡು ಕೊಟ್ಟು, ಅಲ್ಲೇ ಊಟ ಮಾಡಿದರೆ ಯಾವ ಪ್ರಾಣಿಯೂ ಅದಕ್ಕೆ ಬೆಲೆ ತೆರಬೇಕಿಲ್ಲ.

ದುಡಿಯುವ ಜನರಿಗೆ ರಜೆ ನಾಲ್ಕೇ ದಿನ, ಮತ್ತೆ ಆ ದೇಶಕ್ಕೆ ಹೋಗುವ ಯೋಗ ಬರುತ್ತದೋ ಇಲ್ಲವೋ, ಒಂದೇ ದಿನದಲ್ಲಿ ಎಲ್ಲ ನೋಡಬೇಕೆನ್ನುವುದರಲ್ಲಿ ತಪ್ಪೇನು ಎಂಬ ಮಾತಿಗೆ ತಪ್ಪೇನೂ ಇಲ್ಲ ಎಂದೇ ಉತ್ತರ. 2022ರಲ್ಲಿ ಪೆಟ್ರೋಲಿಗೂ ಔಷಧಿಗೂ ಡಾಲರ್ ಇಲ್ಲದೆ ಕುಸಿದ ದೇಶಕ್ಕೆ ಪ್ರವಾಸಿಯ ಹಣ ಉಸಿರಿದ್ದ ಹಾಗೆ. ಸ್ವಂತ ಕಾರಿಟ್ಟುಕೊಂಡ ಚಾಲಕನ ಮನೆ ನಡೆಯುವುದೂ ಇದರಿಂದಲೇ. ಪ್ರವಾಸ ಬೇಡ ಎಂದು ಯಾರು ಹೇಳಿದರು? ಪಟ್ಟಿಯಲ್ಲಿ ಒಂದು ನಿಲುಗಡೆ ಬದಲಾಗಲಿ ಎನ್ನುತ್ತಿರುವುದು. ಮಕ್ಕಳು ಮುಟ್ಟಿ ನೋಡಿದರೆ ತಾನೇ ಪ್ರೀತಿ ಹುಟ್ಟುವುದು ಎಂಬ ವಾದ ಇನ್ನೂ ಮುದ್ದಾದದ್ದು. ಆದರೆ ತೊಟ್ಟಿಯ ಬಳಿ ಮಗು ಕಲಿಯುವುದು ಕಾಡುಪ್ರಾಣಿ ತಾನು ಬಂದಾಗ ಅಂಗೈಗೆ ಬರುತ್ತದೆ ಎಂಬುದನ್ನು. ಕಾಯುವುದಕ್ಕೆ ಮನಸ್ಸಿದ್ದವರು ಟಂಗಾಲೆಯಲ್ಲಿ ಒಂದು ರಾತ್ರಿ ಉಳಿಯಲಿ, ಉಳಿದವರು ಆಮೆಯನ್ನು ಬಿಟ್ಟುಬಿಡಲಿ. ದಾರಿ ಬದಲಿಸಿದ ಉದಾಹರಣೆ ಹತ್ತಿರದಲ್ಲೇ ಇದೆ. ಶ್ರೀಲಂಕಾದ ದಕ್ಷಿಣದ ದೇವುಂದರ ತುದಿಯ ಆಚೆ ನೀಲಿ ತಿಮಿಂಗಿಲಗಳು ಮೇಯುವ ನೀರಿನಲ್ಲೇ ಹಡಗುಗಳ ಹೆದ್ದಾರಿ ಹಾದುಹೋಗುತ್ತದೆ. ಹಡಗುಗಳು ತಿಮಿಂಗಿಲಗಳಿಗೆ ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು 2022ರಲ್ಲಿ ಎಂಎಸ್‌ಸಿ ಎಂಬ ದೈತ್ಯ ಕಂಪನಿ ತನ್ನ ಹಡಗುಗಳ ದಾರಿಯನ್ನು ತಾನಾಗಿಯೇ ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿತು. ಸಾವಿರಾರು ಕಂಟೇನರ್ ಹೊತ್ತ ಹಡಗು ದಾರಿ ಬಿಡಬಹುದಾದರೆ ಏಳು ಸೀಟಿನ ವ್ಯಾನಿಗೆ ಅದು ಹೊರೆಯೆನಿಸಬಾರದು.

ಈ ಮಾತು ಶ್ರೀಲಂಕಾಕ್ಕೆ ಮುಗಿಯುವುದಿಲ್ಲ. ಹೊನ್ನಾವರದ ಕಾಸರಕೋಡು, ಕಾರವಾರ, ಕುಂದಾಪುರದ ಸುತ್ತಲಿನ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಬರುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ಆಚೀಚೆಯ ದಡಗಳಲ್ಲೂ ಗೂಡುಗಳು ಕಂಡವು. ನಮ್ಮಲ್ಲಿ ಇದುವರೆಗಿನ ಕ್ರಮ ಸರಳ: ಮೀನುಗಾರರು ಗೂಡಿನ ಸುದ್ದಿ ಕೊಡುತ್ತಾರೆ, ಅರಣ್ಯ ಇಲಾಖೆಯವರು ಸುತ್ತ ಬಲೆಯ ಬೇಲಿ ಕಟ್ಟುತ್ತಾರೆ, ಮರಿಗಳು ಎದ್ದಾಗ ಕಡಲಿಗೆ ಬಿಡುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ಈ ಆಮೆಯೂ ಇದೆ. ಆದರೆ ಕಾಸರಕೋಡು, ಪಡುಬಿದ್ರಿಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದ ಮೇಲೆ ಕರಾವಳಿಯ ಪ್ರವಾಸೋದ್ಯಮದ ಮಾತು ಜೋರಾಗಿದೆ. ಮಿರ್ಜಾನ್ ಕೋಟೆ, ಶರಾವತಿಯ ಕಾಂಡ್ಲಾ ನಡಿಗೆ, ಮುರ್ಡೇಶ್ವರ ಸೇರಿಸಿ ಒಂದು ದಿನದ ಕಾರು ಪ್ರವಾಸ ಆಗಲೇ ರೂಢಿಯಲ್ಲಿದೆ. ಅದಕ್ಕೆ ‘ಆಮೆಮರಿ ದರ್ಶನ’ ಎಂಬ ನಿಲುಗಡೆ ಸೇರಲು ಹೆಚ್ಚು ಕಾಲ ಬೇಡ. ಮರಿ ಬಿಡುವ ಹೊತ್ತಿಗೆ ಅತಿಥಿಗಳನ್ನು ಕರೆದು, ಮೊಬೈಲ್ ಬೆಳಕಿನ ನಡುವೆ ಫೋಟೊ ತೆಗೆಸುವುದು ಅದರ ಮೊದಲ ಮೆಟ್ಟಿಲು. ಇಲಾಖೆ ಈಗಲೇ ಬರೆದಿಡಬೇಕಾದ ನಿಯಮಗಳು ನಾಲ್ಕೈದು ಸಾಲು ಮೀರುವುದಿಲ್ಲ: ತೊಟ್ಟಿಗೆ ಪರವಾನಗಿ ಇಲ್ಲ, ಮರಿಯನ್ನು ಮುಟ್ಟಲು ಯಾವ ಗಣ್ಯರಿಗೂ ಅವಕಾಶವಿಲ್ಲ, ಗೂಡುಗಳ ಕಾಲದಲ್ಲಿ ರೆಸಾರ್ಟುಗಳ ದೀಪ ದಡದತ್ತ ಮುಖ ಮಾಡಿರಬಾರದು, ನೋಡುವುದಾದರೆ ರಾತ್ರಿ, ಸಣ್ಣ ಗುಂಪಿನಲ್ಲಿ, ಗೂಡು ತೋರಿಸಿದ ಮೀನುಗಾರನ ಹಿಂದೆ. ಆ ರಾತ್ರಿಯ ಶುಲ್ಕ ಇಲಾಖೆಯ ಖಾತೆಗೆ ಹೋಗದೆ ಅವನ ಕೈಗೇ ಸೇರಲಿ, ರೆಕಾವದ ಕಾವಲುಗಾರನಿಗೆ ಸಂಬಳ ಸಿಕ್ಕಂತೆ.