ಬಂಡಿ ಇಲ್ಲದ ನೊಗ

ಪುಣೆಯ ಕರ್ವೆ ರಸ್ತೆಯ ಯಾವುದಾದರೂ ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತು, ಮುಂದಿರುವ ದೊಡ್ಡ ಕಾರುಗಳ ಹಿಂಭಾಗ ನೋಡಿ. ನಂಬರ್ ಪ್ಲೇಟಿನ ಕೆಳಗೆ ಒಂದು ಕಬ್ಬಿಣದ ಕೊಕ್ಕು, ಅದರ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಹೊಳೆಯುವ ಗುಂಡು ಕಂಡೀತು. ಅದು ಟ್ರೇಲರ್ ಹಿಚ್. ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆಯಲು ಮಾಡಿದ ಸಾಧನ. ಹದಿನಾಲ್ಕು ವರ್ಷಗಳಿಂದ ಈ ಊರಲ್ಲಿದ್ದೇನೆ. ಆ ಗುಂಡಿಗೆ ನಿಜವಾಗಿ ಟ್ರೇಲರ್ ಕಟ್ಟಿಕೊಂಡು ಹೋದ ಮನೆಬಳಕೆಯ ಕಾರನ್ನು ನಾನು ನೋಡಿದ್ದು ಒಂದೇ ಸಲ.

ಉಳಿದವರೆಲ್ಲ ಅದನ್ನು ಹಾಕಿಸಿಕೊಂಡಿರುವುದು ಬಂಪರ್ ಕಾಯಲು. ಹಿಂದಿನವನು ತಾಗಿಸಿದರೆ ಅವನ ಗಾಡಿಗೇ ಪೆಟ್ಟು ಬೀಳಲಿ ಎಂಬ ಲೆಕ್ಕ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ, ಏಕೆಂದರೆ ಹೋದ ವರ್ಷ ನಾನೂ ಹಾಕಿದೆ. ಅದೂ ಮೆಕ್ಯಾನಿಕ್ ಕೈಲಿ ಅಲ್ಲ, ಸ್ವಂತ ಕೈಯಿಂದ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ.

ಚಾಕಣದಲ್ಲಿ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನನ್ನ ನೌಕರಿ. ಬೋಲ್ಟು, ನಟ್ಟುಗಳೇ ಅನ್ನ. ಆನ್‌ಲೈನಿನಲ್ಲಿ ಹಿಚ್ ತರಿಸಿದೆ, ಅಮೆರಿಕದವರೊಬ್ಬರ ವಿಡಿಯೋ ಹಚ್ಚಿಕೊಂಡೆ, ಮಗನ ಕೈಗೆ ಟಾರ್ಚ್ ಕೊಟ್ಟೆ. ಎರಡು ಭಾನುವಾರದ ಕೆಲಸ. ವಿಡಿಯೋದ ಗಾಡಿ ಭಾರಿ ಪಿಕಪ್. ಅದಕ್ಕೆ ಬೇರೆಯೇ ಉಕ್ಕಿನ ಚಾಸಿ, ಚಾಸಿಯಲ್ಲಿ ಕಂಪನಿಯೇ ಬಿಟ್ಟ ತೂತುಗಳು. ನನ್ನದು ಏಳು ಸೀಟಿನ ಗಾಡಿ, ಮಡಚಿ ಬೆಸೆದ ತಗಡೇ ಅದರ ಬೆನ್ನೆಲುಬು. ತೂತು ಇರಲಿಲ್ಲ, ಎರಡು ಕೊರೆದೆ. ಕಾರ್ಖಾನೆಯಲ್ಲಿ ಯಾರಾದರೂ ಹಾಗೆ ಕೊರೆದಿದ್ದರೆ ನಾನೇ ಮೆಮೊ ಕೊಡುತ್ತಿದ್ದೆ.

ಜೊತೆಗೆ ಬಂದ ಬೋಲ್ಟುಗಳ ತಲೆಯ ಮೇಲೆ 8.8 ಎಂಬ ಅಚ್ಚು ಇರಲಿಲ್ಲ. ಆ ಅಂಕಿ ಇದ್ದರೆ ಬೋಲ್ಟು ಎಷ್ಟು ಎಳೆತ ತಡೆಯುತ್ತದೆ, ಎಷ್ಟಕ್ಕೆ ಶಾಶ್ವತವಾಗಿ ಹಿಗ್ಗುತ್ತದೆ ಎಂದು ಹೇಳಬಹುದು. ಇಲ್ಲದಿದ್ದರೆ ಅದು ಬರೀ ಕಬ್ಬಿಣದ ತುಂಡು. ಅವನ್ನು ಎಸೆದು 12 ಮಿ.ಮೀ.ಯ ಒಳ್ಳೆ ಬೋಲ್ಟು ತಂದು, ಟಾರ್ಕ್ ರೆಂಚಿನಿಂದ ಸುಮಾರು 80 ನ್ಯೂಟನ್ ಮೀಟರಿಗೆ ಬಿಗಿದೆ. ಆ ಒಂದು ಕೆಲಸ ಸರಿಯಾಗಿ ಮಾಡಿದ ಹೆಮ್ಮೆಯಲ್ಲಿ ಉಳಿದ ತಪ್ಪುಗಳೆಲ್ಲ ಮರೆತುಹೋದವು. ರಿವರ್ಸ್ ಹಾಕಿದರೆ ಸೆನ್ಸರ್ ಆ ಗುಂಡನ್ನೇ ಕಂಡು ಕೂಗತೊಡಗಿತು. ಅದಕ್ಕೂ ನಕ್ಕೆವು. ಈ ಗಾಡಿ ಟ್ರೇಲರ್ ಎಳೆಯಲು ತಕ್ಕುದಲ್ಲ ಎಂದು ಕೈಪಿಡಿಯಲ್ಲಿ ಬರೆದಿತ್ತು. ನಾನು ಓದಿದ್ದು ಆಮೇಲೆ.

ಮನೆಯಲ್ಲಿ ಹೇಳಿದ ಕಾರಣ ಬೇರೆ: ಚಿಕ್ಕೋಡಿ ಕಡೆಯ ನಮ್ಮೂರಿಂದ ಬೆಲ್ಲ, ಜೋಳ, ಹಳೆಯ ಪೆಟ್ಟಿಗೆ ಎಲ್ಲ ಚಿಕ್ಕ ಟ್ರೇಲರಿನಲ್ಲಿ ತರೋಣ. ಟ್ರೇಲರಿಗೆ ಬೇರೆ ನೋಂದಣಿ ಬೇಕು ಎಂದು ಗೊತ್ತಿದ್ದೂ ಹೇಳಿದೆ. ಖಂಬಾಟ್ಕಿ ಘಾಟಿನಲ್ಲಿ ಅದನ್ನು ಎಳೆದುಕೊಂಡು ಇಳಿಯುವ ಧೈರ್ಯ ನನಗಿಲ್ಲ ಎಂಬುದೂ ಒಳಗೊಳಗೆ ಗೊತ್ತಿತ್ತು.

ಟ್ರೇಲರ್ ಎಳೆಯುವುದೇನೂ ನಮ್ಮ ಕಡೆಯವರಿಗೆ ಹೊಸ ವಿದ್ಯೆಯಲ್ಲ. ಎರಡು ಗಾಲಿಯ ಚಕ್ಕಡಿಯೂ ಟ್ರೇಲರೇ ತಾನೆ. ಹೇರುವಾಗ ಅಪ್ಪ ಮೂಕಿಯನ್ನು ಕೈಯಲ್ಲೆತ್ತಿ ತೂಗಿ ನೋಡುತ್ತಿದ್ದ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹೆಗಲ ಮೇಲೆ ತುಸು ಭಾರ ಇರಬೇಕು, ತುಸುವೇ ಇರಬೇಕು. ವಿಡಿಯೋದವನು ಹೇಳಿದ್ದೂ ಅದನ್ನೇ: ಒಟ್ಟು ಭಾರದ ಸುಮಾರು ಹತ್ತನೇ ಒಂದು ಪಾಲು ಗುಂಡಿನ ಮೇಲೆ ಕೂರಬೇಕು. ಹಿಂಭಾರವಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ತೊನೆದಾಡಿ ಕಾರನ್ನೂ ಎಳೆದುಹಾಕುತ್ತದೆ.

ದೀಪಾವಳಿಗೆ ಅವ್ವ ಬಂದಿದ್ದಳು. ಬೇಸ್‌ಮೆಂಟಿನಲ್ಲಿ ಎರಡು ಕಾರುಗಳ ನಡುವೆ, ಕೈಯಲ್ಲಿ ತುಳಸಿ ಕುಂಡ ಹಿಡಿದು ಬರುತ್ತಿದ್ದಳು. ಕುಂಡದ ಅಡಿಯಲ್ಲಿ ಗುಂಡು ಕಾಣಲಿಲ್ಲ. ಮೊಣಕಾಲ ಕೆಳಗಿನ ಎಲುಬಿಗೆ ತಾಗಿ ಚರ್ಮ ಸೀಳಿತು. ಏಳು ಹೊಲಿಗೆ. ಸಕ್ಕರೆ ಕಾಯಿಲೆಯ ಕಾಲು, ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಾನು ನಿದ್ದೆಗೆಟ್ಟ ಲೆಕ್ಕ ಬೇಡ. ಗಾಡಿ ನಿಂತಿತ್ತು, ಎಂಜಿನ್ ಬಂದಾಗಿತ್ತು. ಯಾರೂ ಯಾರಿಗೂ ಗುದ್ದಿರಲಿಲ್ಲ. ಆಸ್ಪತ್ರೆಯಿಂದ ಬಂದು ಕಾರಿನ ಹಿಂದೆ ನಿಂತು ಅವ್ವ ಕೇಳಿದಳು: “ಬಂಡೀನ ಇಲ್ಲ, ನೊಗಾ ಯಾಕ ಹೊರಿಸಿ ಇಟ್ಟೀಯೋ ಇದಕ್ಕ? ಕೆಲಸ ಮುಗಿದ ಮ್ಯಾಲ ನಾವು ಎತ್ತಿನ ಹೆಗಲಿಂದ ನೊಗಾ ಇಳಸ್ತೀವಿ.”

ಸಿಗ್ನಲ್ಲಿನಲ್ಲಿ ಈ ಗುಂಡಿನ ಎತ್ತರಕ್ಕೇ ಬರುವುದು ಸ್ಕೂಟರ್ ಸವಾರರ ಕಾಲು. ಅದಾದ ಮೇಲೆ ನನ್ನ ಕಣ್ಣಿಗೆ ಬೀಳುವುದೇ ಅದು.

ಹಾಗಾದರೆ ಬಂಪರನ್ನಾದರೂ ಕಾಯುತ್ತದೆಯೇ? ಅದೂ ಇಲ್ಲ. ಬಂಪರಿನ ಒಳಗಿನ ತೊಲೆ ಮತ್ತು ಅದರ ಆಧಾರಗಳು ಪೆಟ್ಟಿಗೆ ತಾವು ನುಜ್ಜಾಗಿ ಆ ಬಲವನ್ನು ನುಂಗಲೆಂದೇ ಇರುವಂಥವು. ಹಿಚ್ ಅವನ್ನು ದಾಟಿ ಹೊರಗೆ ಚಾಚಿಕೊಂಡಿರುತ್ತದೆ, ಪೆಟ್ಟನ್ನು ನೇರ ಬೆನ್ನೆಲುಬಿಗೆ ಮುಟ್ಟಿಸುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಕುತ್ತಿಗೆಗೂ ಅದರ ಪಾಲು ಹೋಗುತ್ತದೆ. ಪ್ಲಾಸ್ಟಿಕ್ ಬಂಪರ್ ಬದಲಿಸಬಹುದು. ಸೊಟ್ಟಾದ ಬೆನ್ನೆಲುಬು ನೆಟ್ಟಗೆ ಮಾಡಿಸುವ ಖರ್ಚು ಕೇಳಿ ನೋಡಿ.

ಕಾನೂನು ಇದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಕಾರಿನ ಮುಂದೆ ಹಾಕುವ ಬುಲ್ ಬಾರ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ರಾಜ್ಯಗಳಿಗೆ ಬರೆಯಿತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿ ಇಂಥ ಒಂದೊಂದು ಅಕ್ರಮ ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಎಂದಿತು. ಒಂದಷ್ಟು ದಿನ ಪೊಲೀಸರು ಮುಂದಿನ ಕಂಬಿಗಳನ್ನು ಬಿಚ್ಚಿಸಿದರು. ಹಿಂದಿನ ಗುಂಡಿನತ್ತ ಯಾರೂ ಬಗ್ಗಿ ನೋಡಿದಂತಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಷ್ಟರವರೆಗೆ ಹೊಗೆ ತಪಾಸಣೆ ಬಿಟ್ಟರೆ ಅದರ ಅಡಿಯಲ್ಲಿ ಇಣುಕುವ ಸರ್ಕಾರಿ ಕಣ್ಣೇ ಇಲ್ಲ. ಮಾರುವವರ ಅಂಗಡಿ ತೆರೆದೇ ಇದೆ, ಮನೆಗೇ ಬಂದು ಹಾಕಿಕೊಡುತ್ತಾರೆ.

ಹಿಚ್ಚನ್ನೇ ನಿಷೇಧಿಸಿ ಎನ್ನುವುದು ಮೂರ್ಖತನ. ಕ್ಯಾರವಾನ್ ಇಟ್ಟುಕೊಂಡವರಿಗೆ, ದೋಣಿ ಸಾಗಿಸುವವರಿಗೆ ಅದು ಬೇಕು. ಅವರಿಗೆ ನೇರ ದಾರಿ ಇರಲಿ: ಕಂಪನಿ ಒಪ್ಪಿದ ಹಿಚ್, ಎಳೆಯಬಹುದಾದ ಭಾರದ ಮುದ್ರೆ, ಆರ್‌ಸಿಯಲ್ಲಿ ದಾಖಲೆ, ಎಳೆಯದಿರುವಾಗ ಬಿಚ್ಚಿಡಬಹುದಾದ ಗುಂಡು. ಇಷ್ಟಿಲ್ಲದ್ದನ್ನು ಮಾರುವವರ ಮೇಲೆ ಮೊದಲು ಕ್ರಮ ಆಗಲಿ, ಕೊಂಡವನ ಮೇಲೆ ಆಮೇಲೆ. ನಿಜವಾಗಿ ಟ್ರೇಲರ್ ಓಡುವ ಕಡೆಯೂ ಒಮ್ಮೆ ನೋಡಿ. ಕಬ್ಬಿನ ಹಂಗಾಮಿನಲ್ಲಿ ನಿಪ್ಪಾಣಿ–ಚಿಕ್ಕೋಡಿ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಹಿಂದೆ ದೀಪವಿಲ್ಲ, ನಡುವಿನ ಕೀಲಿಗೆ ಕ್ಲಿಪ್ಪಿನ ಬದಲು ತಂತಿ. ಅಲ್ಲಿ ಜೀವ ನಿಂತಿರುವುದು ಆ ಕೀಲಿನ ಮೇಲೆ. ನಾವು ಊರಿಗೆ ಹೋಗುವಾಗ ಅದನ್ನು ಹಾರ್ನ್ ಹೊಡೆದು ದಾಟುತ್ತೇವೆ, ನಮ್ಮ ಹಿಂದೆ ಕ್ರೋಮಿನ ಗುಂಡು ಹೊಳೆಯುತ್ತಿರುತ್ತದೆ.

ಅವ್ವನಿಗೆ ಹೊಲಿಗೆ ಹಾಕಿದ ರಾತ್ರಿಯೇ ಹಿಚ್ ಬಿಚ್ಚಿದೆ, ಒಂದು ಗಂಟೆಯೂ ಹಿಡಿಯಲಿಲ್ಲ. ಕೊರೆದ ಎರಡು ತೂತು ಮಾತ್ರ ಹಾಗೇ ಇವೆ. ತುಕ್ಕು ಹಿಡಿಯದ ಬಣ್ಣ ಬಳಿದು ರಬ್ಬರ್ ಬಿರಡೆ ಒತ್ತಿದ್ದೇನೆ. ಮೊದಲ ಮಳೆ ಬಿದ್ದ ವಾರ ಮಗ ತಾನಾಗಿ ಟಾರ್ಚ್ ತಂದ, ಇಬ್ಬರೂ ಅಡಿಗೆ ತೂರಿ ನೋಡಿದೆವು. ಒಂದರ ಅಂಚಿನಲ್ಲಿ ಆಗಲೇ ಕೆಂಪು ಹತ್ತಿತ್ತು.