ಬೆಕ್ಕಲ್ಲದ ಬೆಕ್ಕು

ಆಸ್ಟ್ರೇಲಿಯಾದಲ್ಲಿ ಕ್ವಾಲ್ ಎಂಬ ಕಾಡುಪ್ರಾಣಿಯುಂಟು. ಮೈತುಂಬ ಬಿಳಿಯ ಚುಕ್ಕೆ, ಇರುಳಿನ ಸಂಚಾರ, ಮಾಂಸಾಹಾರ. ಅಲ್ಲಿ ನೆಲೆಸಿದ ಬಿಳಿಯರು ಅದನ್ನು ಬೆಕ್ಕೆಂದೇ ಕರೆದರು. ಅದಾದರೋ ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಗಳನ್ನು ಬೆಳೆಸುವ ಕುಲದ್ದು. ಹುಟ್ಟಿದ ಮರಿ ಅಕ್ಕಿಕಾಳಿನಷ್ಟು. ತಾಯಿಗೆ ಮೊಲೆತೊಟ್ಟುಗಳೆಷ್ಟೋ ಅಷ್ಟೇ ಮರಿಗಳಿಗೆ ಬದುಕು. ಇಂಥ ಪ್ರಾಣಿ ನಮ್ಮ ಮಲೆನಾಡಿನಲ್ಲಿದೆಯೇ ಎಂದು ಕೊಪ್ಪದ ಬಾಲಕನೊಬ್ಬನು ನಮ್ಮನ್ನು ಕೇಳಿದನು. ಚೀಲದ ಪ್ರಾಣಿ ಭರತಖಂಡದಲ್ಲೆಲ್ಲೂ ಇಲ್ಲ. ಆದರೆ ಬೆಕ್ಕಾಗದೆ ಬೆಕ್ಕೆನಿಸಿಕೊಂಡ ಚುಕ್ಕೆಯ ಪ್ರಾಣಿಯೊಂದು ಅವನ ಸೀಮೆಯಲ್ಲೇ ಇದೆ. ಅದು ಪುನುಗಿನ ಬೆಕ್ಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟ, ಗದ್ದೆಯಂಚು, ಕುರುಚಲು ಕಾಡುಗಳು ಇದಕ್ಕೆ ಒಗ್ಗಿದ ನೆಲೆ. ತೂಕ 2ರಿಂದ 4 ಕಿಲೋ. ಬೂದುಗಂದು ಮೈಮೇಲೆ ಸಾಲುಗಟ್ಟಿದ ಕರಿಯ ಚುಕ್ಕೆಗಳು, ಬಾಲಕ್ಕೆ ಕರಿಯ ಬಳೆಗಳು. ಹಗಲೆಲ್ಲ ಬಿಲದಲ್ಲೋ ಪೊದೆಯಲ್ಲೋ ಮಲಗಿ, ಕತ್ತಲಾದ ಮೇಲೆ ಒಂಟಿಯಾಗಿ ಹೊರಡುತ್ತದೆ. ಇಲಿ, ಹಕ್ಕಿ, ಹಾವು, ಹುಳುಹುಪ್ಪಟೆ, ಬಿದ್ದ ಹಣ್ಣು ಎಲ್ಲವೂ ಆಹಾರವೇ. ಕೋಳಿಗೂಡಿಗೂ ಒಮ್ಮೊಮ್ಮೆ ಬಾಯಿ ಹಾಕುವುದುಂಟು. ಆ ಒಂದು ಕೋಳಿಯ ಲೆಕ್ಕವಿಡುವವರು ಅದು ತಿಂದ ಇಲಿಗಳ ಲೆಕ್ಕವಿಡುವುದಿಲ್ಲ! ಕಾಫಿ ಹಣ್ಣು ತಿಂದು ಬೀಜವನ್ನು ಹೊರಹಾಕುವುದು ಇದರ ದಾಯಾದಿಯಾದ ಮರಬೆಕ್ಕು. ಅದು ಮರವಾಸಿ, ಇದು ಬಹುಮಟ್ಟಿಗೆ ನೆಲದ ಮೇಲಿನದು.

ಬಾಲದ ಬುಡದ ಗ್ರಂಥಿಯಿಂದ ಒಸರುವ ಅಂಟುದ್ರವ್ಯವೇ ಪುನುಗು. ಕಲ್ಲಿಗೂ ಮರದ ಬೊಡ್ಡೆಗೂ ಅದನ್ನು ಉಜ್ಜಿ, ತಾನು ಬಂದುಹೋದ ಸುದ್ದಿಯನ್ನು ತನ್ನ ಜಾತಿಯವಕ್ಕೆ ತಿಳಿಸುತ್ತದೆ. ನಾವು ಅದನ್ನು ದೇವರ ಪರಿಮಳವೆಂದು ಸ್ವೀಕರಿಸಿದೆವು.

ಮಠದಲ್ಲಿ ಓದುತ್ತಿದ್ದಾಗ ಭಕ್ತರೊಬ್ಬರ ಮನೆಯಲ್ಲಿ ಇದನ್ನು ನಾವು ಹತ್ತಿರದಿಂದ ಕಂಡೆವು. ತಿರುಗಲೂ ಎಡೆಯಿಲ್ಲದ ಮರದ ಪಂಜರ. ನಡುವೆ ಒಂದು ಗೂಟ. ಪ್ರಾಣಿ ಉಜ್ಜಿದ ಪುನುಗನ್ನು ಯಜಮಾನರು ಬಿದಿರಿನ ಸೀಳಿನಿಂದ ಕೆರೆದು ತೆಗೆಯುತ್ತಿದ್ದರು. ಅದರ ಕಾಲಿನ ಚರ್ಮ ಸುಲಿದಿತ್ತು. ಆ ದಿನ ಪೂಜೆಯ ವೇಳೆ ಆ ಪರಿಮಳ ನಮಗೆ ಹಿತವೆನಿಸಲಿಲ್ಲ. ಆದರೂ ಹಿರಿಯರ ಎದುರು ಬಾಯಿಬಿಡುವ ಧೈರ್ಯವಾಗಲಿಲ್ಲ. ಇಂದಿಗೂ ಅದು ನಮ್ಮನ್ನು ಚುಚ್ಚುತ್ತದೆ.

ಕಾಡುಪ್ರಾಣಿಯನ್ನು ಹೀಗೆ ಕೂಡಿಹಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯಿದೆ. ಆದರೆ ಆ ಮನೆಯ ಪಂಜರವನ್ನು ತೆರೆಸಿದ್ದು ಕಾಯಿದೆಯಲ್ಲ, ಯಜಮಾನರ ಸೊಸೆ. ಮೊದಲ ಹೆರಿಗೆಗೆ ತವರಿಗೆ ಹೊರಡುವ ಮುನ್ನಾದಿನ ಆಕೆಯೇ ಅಗುಳಿ ತೆಗೆದಳಂತೆ. ಮುಂದಿನ ಮಳೆಗಾಲದಲ್ಲಿ ತೋಟದ ಬೇಲಿಗೂಟದ ಮೇಲೆ ಪುನುಗಿನ ವಾಸನೆ ಬಂತೆಂದು, ಮಾವನವರು ಯಾರಿಗೂ ಹೇಳದೆ ತಮ್ಮಲ್ಲೇ ನಕ್ಕರೆಂದು ಆ ತಾಯಿ ಈಚೆಗೆ ನಮ್ಮೊಡನೆ ಹೇಳಿಕೊಂಡರು.